ಪಂಚಮಿಗೆ ಕರೆಯಲು ಬರುವವರು

“ಬದುವಿನ ಕಲ್ಲು ಎಲ್ಲಿರ್ತೈತಿ ಅಂತ ಗೊತ್ತಿಲ್ಲ, ನೀ ಆಸ್ತಿ ವಕೀಲಿಕಿ ಮಾಡಾಕಿ ಏನ?” ಎಂದು ನಕ್ಕವನು ನನ್ನ ಅಣ್ಣ. ಸಂತೆಯ ಪೊಟ್ಟಣದ ಹಾಳೆಗಳಲ್ಲಿ ಓದು ಕಲಿತವಳು ನಾನು. ಈಗ ಕೂಡ್ಲಿಗಿಯಲ್ಲಿ ಜಮೀನಿನ ದಾವೆಗಳನ್ನೇ ನಡೆಸುತ್ತೇನೆ.

ಒಮ್ಮೆ ಗುಡೇಕೋಟೆ ಕಡೆಯ ಹೆಂಗಸೊಬ್ಬಳು, ತವರಿನ ಹೊಲದಲ್ಲಿ ತನಗಿದ್ದ ಪಾಲನ್ನು ತಮ್ಮನಿಗೆ ಬಿಟ್ಟುಕೊಡಲು ಅವನ ಜೊತೆಯೇ ನನ್ನ ಕಚೇರಿಗೆ ಬಂದಳು. ತಮ್ಮನನ್ನು ಹೊರಗೆ ಕೂರಿಸಿ ಹೇಳಿದೆ: “ಕಾನೂನು ನಿಮ್ಮ ಕಡಿ ಐತ್ರಿ. ಹೆಬ್ಬೆಟ್ಟು ಒತ್ತಬ್ಯಾಡ್ರಿ.”

“ಪಾಲು ಇಟ್ಕೊಂಡ್ರ ಪಂಚಮಿ ಹಬ್ಬಕ್ಕ ತವರಿಗೆ ಕರಿಯಾಕ ತಮ್ಮ ಬರ್ತಾನೇನವ್ವ?”

“ಹೊಲ ನಿಮ್ಮದಾದ್ರ ಕರೀದಿದ್ರೂ ಹೋಗಬಹುದಲ್ರಿ.”

“ಹೊಲಕ್ಕ ಹೋಗಬಹುದು. ಮನಿಯೊಳಗ ಹೆಂಗ ಹೋಗಲಿ?” ಎಂದವಳು ನಗುತ್ತಲೇ ಕೇಳಿದಳು: “ನಿಮ್ಮನ್ನ ಯಾರು ಕರಿಯಾಕ ಬರ್ತಾರ ವಕೀಲವ್ವ?”

ನಾನು ಇಂಕ್ ಪ್ಯಾಡನ್ನು ಅವಳ ಕಡೆ ಸರಿಸಿದೆ.

ನನ್ನ ಪಾಲಿಗಾಗಿ ಅಣ್ಣನ ಮೇಲೆ ಹೂಡಿದ ದಾವೆಯೇ ನಾನು ಗೆದ್ದ ಮೊದಲ ದಾವೆ. ನನ್ನ ತವರೂರು ಹೊಳಲಿನ ಹತ್ತಿರ ಎರಡು ಎಕರೆ ಎರೆಹೊಲ ನನ್ನ ಹೆಸರಿನಲ್ಲಿದೆ. ಬದುವಿನ ಕಲ್ಲುಗಳನ್ನು ನಾನೇ ನಿಂತು ನೆಡಿಸಿದ್ದೇನೆ. ಪ್ರತಿ ಪಂಚಮಿಗೆ ಉಂಡಿಯನ್ನು ನಾನೇ ಕಟ್ಟಿಕೊಂಡು ಹೋಗಿ, ಅಣ್ಣನ ಮನೆ ಕಾಣುವ ಕಲ್ಲಿನ ಮೇಲೆ ಕೂತು ತಿಂದು ಬರುತ್ತೇನೆ.