ಮಲಾವಿಗೆ ಬಣ್ಣ ಹಚ್ಚಿದ್ದು

ನಾನು ಉಬ್ಬು ನಕಾಶೆ ಮಾಡುವವನು. ಬೆಟ್ಟಗಳು ಉಬ್ಬಿ ನಿಂತು, ಕಣಿವೆಗಳು ತಗ್ಗಾಗಿ ಇಳಿದಿರುವ ನಕಾಶೆಯನ್ನು ನೀವು ಪುಣೆಯ ಯಾವುದಾದರೂ ಶಾಲೆಯಲ್ಲಿ ನೋಡಿದ್ದರೆ, ಅದು ಬಹುತೇಕ ನನ್ನ ಕೈಯದೇ. ಇದನ್ನು ಜಂಬ ಅನ್ನುವವರು ಅನ್ನಲಿ. ಧಾರವಾಡದಿಂದ ಬಂದು, ಬಿಬವೇವಾಡಿಯ ಈ ಒಂದು ಕೋಣೆಯಲ್ಲಿ ಕೂತು, ನಲವತ್ತು ವರ್ಷ ಇದೊಂದೇ ಕೆಲಸ ಮಾಡಿದವನು ಜಂಬಪಡದೆ ಮತ್ತೇನು ಮಾಡಬೇಕು?

ನನ್ನ ಕೆಲಸ ಯಾವಾಗಲೂ ಸಮುದ್ರದಿಂದ ಶುರುವಾಗುತ್ತದೆ. ಪ್ಲೈವುಡ್ಡಿನ ಮೇಲೆ ಮೊದಲು ತೀರದ ಗೆರೆ ಎಳೆಯುತ್ತೇನೆ, ಅದು ಸೊನ್ನೆ. ಅಲ್ಲಿಂದ ಒಂದೊಂದು ಎತ್ತರಕ್ಕೆ ಒಂದೊಂದು ರಟ್ಟು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೇಲೆ ಲಗದಾ ಮೆತ್ತುತ್ತೇನೆ. ಲಗದಾ ಅಂದರೆ ಹಳೆಯ ಕಾಗದ ನೆನೆಸಿ, ಮೆಂತ್ಯದ ಹಿಟ್ಟು ಮತ್ತು ಅಂಟು ಕೂಡಿಸಿ ಕುಟ್ಟಿದ ಮುದ್ದೆ. ಅದು ಒಣಗಿದ ಮೇಲೆ ಬಣ್ಣ. ತಗ್ಗಿಗೆ ಹಸಿರು, ನಡುವಿನದಕ್ಕೆ ಹಳದಿ, ಎತ್ತರಕ್ಕೆ ಕಂದು. ಈ ಮೂರು ಡಬ್ಬಿಗಳು ಎಲ್ಲಿವೆ ಎಂದು ನಾನು ತಿರುಗಿ ನೋಡುವುದೂ ಇಲ್ಲ, ಕೈ ತಾನೇ ಹೋಗುತ್ತದೆ.

ಹೋದ ವರ್ಷ ಮಳೆಗಾಲದ ಆರಂಭದಲ್ಲಿ ಒಬ್ಬ ಹುಡುಗಿ ಬಂದಳು. ಮಲಾವಿ ದೇಶದವಳು. ಇಲ್ಲೇ ಪುಣೆಯ ಶಿವಾಜಿನಗರದ ಒಂದು ಕಾಲೇಜಿನಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿದ್ದಳು. ಕೊಂಢವಾದಲ್ಲಿ ಗೆಳತಿಯರ ಜೊತೆ ಬಾಡಿಗೆಗಿದ್ದಳು. ಅರ್ಧ ಹಿಂದಿ, ಅರ್ಧ ಇಂಗ್ಲಿಷು, ನಡುನಡುವೆ ಇಲ್ಲಿ ಕಲಿತ ಮರಾಠಿ. ಎರಡು ವಾರಕ್ಕೆ ಅವಳ ವಿಮಾನ. ಊರಿಗೆ ಹೋದೊಡನೆ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಕೆಲಸಕ್ಕೆ ಸೇರುವವಳಿದ್ದಳು. ಆ ಶಾಲೆಯಲ್ಲಿ ನಕಾಶೆಯೇ ಇಲ್ಲವಂತೆ.

"ಮೊದಲ ದಿನ ಮಕ್ಕಳ ಮುಂದೆ ನಮ್ಮ ದೇಶ ಇಟ್ಟು, ನಮ್ಮ ಮನೆ ಎಲ್ಲಿದೆ ತೋರಿಸಿ ಅಂತ ಕೇಳಬೇಕು ಕಾಕಾ," ಎಂದಳು. "ಎರಡು ವರ್ಷದಿಂದ ಅದೊಂದನ್ನೇ ಯೋಚಿಸಿದ್ದೇನೆ."

ನಾನು ಒಪ್ಪಿಕೊಂಡೆ. ಇಷ್ಟು ವರ್ಷದಲ್ಲಿ ಆಫ್ರಿಕವನ್ನು ಎಷ್ಟು ಸಲ ಮಾಡಿದ್ದೆನೋ ಲೆಕ್ಕವಿಲ್ಲ, ಅದರೊಳಗಿನ ಇದೊಂದು ತುಂಡು ಯಾವ ಮಹಾ ಎಂದುಕೊಂಡೆ. ಕೂತ ಮೇಲೆ ಗೊತ್ತಾಯಿತು, ಈ ದೇಶಕ್ಕೆ ಸಮುದ್ರವೇ ಇಲ್ಲ. ಸುತ್ತಲೂ ಬೇರೆ ದೇಶಗಳು. ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಉದ್ದಕ್ಕೆ ಇಳಿದಿದೆ. ಸೊನ್ನೆ ಎಲ್ಲಿಂದ ತರಲಿ? ಎರಡು ದಿನ ಎತ್ತರದ ಗೆರೆಗಳ ಪಟವನ್ನು ಮುಂದಿಟ್ಟುಕೊಂಡು ಒದ್ದಾಡಿದೆ. ದೇಶದ ಪೂರ್ವಕ್ಕೆ ಉದ್ದಾನುದ್ದ ಒಂದು ಸರೋವರ. ನೆಲವೇ ಸೀಳಿ ಆದದ್ದು. ಅದರ ನೀರು ಎತ್ತರದಲ್ಲಿದೆ, ಆದರೆ ತಳ ಸಮುದ್ರಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಕಡಲಿಲ್ಲದ ದೇಶದ ಸೊನ್ನೆ ಅದರದೇ ಸರೋವರದೊಳಗೆ ಮುಳುಗಿ ಕೂತಿತ್ತು! ಅಲ್ಲಿಂದ ರಟ್ಟು ಏರಿಸುತ್ತ ಬಂದೆ. ದಕ್ಷಿಣದಲ್ಲಿ ಶಿರೆ ನದಿ ಇಳಿಯುವ ಆಳದ ಕಣಿವೆ, ಅದರ ಮಗ್ಗುಲಲ್ಲಿ ಎದ್ದ ಶಿರೆ ಎತ್ತರನಾಡು, ಅದರಾಚೆ ಒಂಟಿಯಾಗಿ ನಿಂತ ಮುಲಾಂಜೆ ಬೆಟ್ಟ, ನಡುವೆ ಅಗಲವಾದ ಪ್ರಸ್ಥಭೂಮಿ, ಉತ್ತರದ ತುದಿಗೆ ನ್ಯೀಕಾ ಎತ್ತರನಾಡು. ಕೆಲಸ ಭೇಷಾಗಿ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಾನುವಾರ ವಿಮಾನವೆಂದರೆ, ಗುರುವಾರ ಅವಳು ನೋಡಲು ಬಂದಳು. ಬಣ್ಣ ಮುಗಿದಿತ್ತು. ಅವಳು ಹೊಗಳುತ್ತಾಳೆ ಎಂದು ಕಾದೆ. ಅವಳು ಸರೋವರದಿಂದ ಶುರುಮಾಡಿ ಇಡೀ ನಕಾಶೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಶಿರೆ ಎತ್ತರನಾಡಿನ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದಳು, "ಕಾಕಾ, ನಮ್ಮ ಊರು ಯಾಕೆ ಒಣಗಿದೆ?"

ಒಣಗಿಲ್ಲ, ಅದು ಎತ್ತರ, ಅದಕ್ಕೇ ಕಂದು ಎಂದೆ. ಅವಳು ಕೆಳಗಿನ ಕಣಿವೆ ತೋರಿಸಿದಳು. ಅಲ್ಲಿ ನಾನು ಹೊಳೆಯುವ ಹಸಿರು ಹಚ್ಚಿದ್ದೆ. "ಇಲ್ಲಿ ಅಕ್ಟೋಬರಿನಲ್ಲಿ ಮನೆಯೊಳಗೆ ಮಲಗಲಿಕ್ಕಾಗುವುದಿಲ್ಲ, ಅಷ್ಟು ಸೆಕೆ. ಒಂದು ವರ್ಷ ಮಳೆಯಿಲ್ಲ, ಇನ್ನೊಂದು ವರ್ಷ ನದಿಯೇ ಮನೆಗೆ ಬರುತ್ತದೆ. ನಮ್ಮ ಗುಡ್ಡದ ಮೇಲೆ ಚಹಾ ತೋಟಗಳಿವೆ. ದೇಶವೆಲ್ಲ ಒಣಗಿರುವ ಜೂನ್, ಜುಲೈನಲ್ಲೂ ನಮಗೆ ಆಗ್ನೇಯದಿಂದ ಮಂಜು ಬಂದು ಸಣ್ಣ ಮಳೆ ಹಿಡಿಯುತ್ತದೆ. ಚಿಪೆರೋನಿ ಅನ್ನುತ್ತೇವೆ. ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ."

ಬೆಳಗಾವಿಯ ಜಿಟಿಜಿಟಿ ಮಳೆಯೇ ಕಣ್ಣಮುಂದೆ ಬಂತು. ಆದರೆ ಬಾಯಲ್ಲಿ ಬಂದದ್ದು ಸಿಟ್ಟು. "ಇದು ನಾನು ಮಾಡಿದ ನಿಯಮವಲ್ಲ, ಜಗತ್ತಿನ ನಿಯಮ. ಬಣ್ಣ ಎತ್ತರ ಹೇಳುತ್ತದೆ, ಮಳೆ ಹೇಳುವುದಿಲ್ಲ. ಮೂಲೆಯಲ್ಲಿ ಬರೆದಿದೆ, ಓದು."

"ನಾನು ಓದುತ್ತೇನೆ ಕಾಕಾ. ಆರು ವರ್ಷದ ಮಕ್ಕಳು ಮೂಲೆ ಓದುವುದಿಲ್ಲ. ಅವರು ತಮ್ಮ ಮನೆ ಹುಡುಕುತ್ತಾರೆ, ಹಸಿರು ಕಂಡು ಕಣಿವೆಯಲ್ಲಿ ಬೆರಳಿಡುತ್ತಾರೆ."

ಆಮೇಲೆ ನನ್ನ ಮುಖ ನೋಡಿ, "ಇರಲಿ ಕಾಕಾ, ಚೆನ್ನಾಗೇ ಇದೆ," ಎಂದು ನಕ್ಕು ಹೋದಳು. ಅದೇ ಚುಚ್ಚಿತು. ಜಗಳವಾಡಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ನನ್ನ ಹೆಂಡತಿ ರಾಯಚೂರಿನವಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಾಗಿಲಲ್ಲಿ ನಿಂತು ಅಂದಳು, "ಖರೇನ ಹೇಳ್ಯಾಳ್ರಿ ಆ ಹುಡುಗಿ. ನಮ್ಮ ರಾಯಚೂರಿಗೆ ಹಸರ ಹಚ್ಚಿದ ಪುಣ್ಯಾತ್ಮ ಜಗತ್ತಿನಾಗ ನೀವೊಬ್ರ ನೋಡ್ರಿ. ಅಲ್ಲಿ ಖಾನಾಪುರದ ಅಡವಿಗೆ ಕಂದು ಬಳದೀರಿ. ಮದುವಿ ಆದಾಗಿಂದ ನೋಡಾಕತ್ತೀನಿ."

"ಮತ್ತ ಇಷ್ಟು ದಿನಾ ಯಾಕ ಬಾಯಿ ಮುಚ್ಕೊಂಡಿದ್ದಿ?"

"ನೀವು ಯಾವಾಗ ಕೇಳಿದ್ರಿ?"

ಗೋಡೆಯ ಮೇಲೆ ನಾನೇ ಮಾಡಿದ ಕರ್ನಾಟಕ ಇತ್ತು. ನೋಡಿದೆ. ಬಿಸಿಲಿಗೆ ಕಾದು ಹೆಂಚಾಗುವ ರಾಯಚೂರು ಎಳೆಹಸಿರು. ಮಳೆಯಲ್ಲಿ ತೊಯ್ದು ತೊಪ್ಪೆಯಾಗುವ ಘಟ್ಟ ಕಂದು. ಇದನ್ನು ನೋಡಿ ಎಷ್ಟು ಮಕ್ಕಳು ಏನೇನು ಕಲಿತವೋ. ನನಗೆ ನಾಚಿಕೆಯಾಯಿತು. ಕೆಲಸದ ವಿಷಯದಲ್ಲಿ ನಾಚಿಕೆಯಾದದ್ದು ಅದೇ ಮೊದಲು. ಹುಡುಗಿಗೆ ಫೋನ್ ಮಾಡಿ, ನಾಳೆ ಮುಂಜಾನೆ ಬಾ, ನಿನ್ನ ಮಳೆಯನ್ನೆಲ್ಲ ಹೇಳು, ನಾನು ಹಚ್ಚುತ್ತೇನೆ ಎಂದೆ.

ಶುಕ್ರವಾರ ಅವಳು ಪಕ್ಕದಲ್ಲಿ ಕೂತು ಹೇಳುತ್ತ ಹೋದಳು. ಉತ್ತರದಲ್ಲಿ ಸರೋವರದ ಗಾಳಿ ಗುಡ್ಡಕ್ಕೆ ಹೊಡೆದು ಮಳೆ ಸುರಿಯುವ ದಂಡೆಗೆ ಗಾಢ ಹಸಿರು. ನ್ಯೀಕಾದ ಮೇಲೆ ಬರೀ ಹುಲ್ಲು, ಚಳಿಗಾಲದಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ, ಅದಕ್ಕೆ ಮಾಸಿದ ಹಸಿರು. ಕಣಿವೆಗೆ ಹುಲ್ಲು ಒಣಗಿದ ಬಣ್ಣ, ನದಿಯ ಬದಿಗೆ ಮಾತ್ರ ಒಂದು ಹಸಿರು ಗೆರೆ. ನಡುವಿನ ಪ್ರಸ್ಥಭೂಮಿಗೆ ಬಂದಾಗ ಕುಂಚ ನಿಂತಿತು. ಅಲ್ಲಿ ಮಳೆ ಶುರುವಾಗುವುದು ನವೆಂಬರಿಗೆ, ನಮ್ಮ ಹೊಲ ಒಣಗುವ ಹೊತ್ತಿಗೆ ಅವರದು ಬೆಳೆಯುತ್ತದೆ. ಅಕ್ಟೋಬರಿನಲ್ಲಿ ಅದೇ ನೆಲ ಕೆಂಪು ಧೂಳು.

"ಯಾವ ತಿಂಗಳು ಹಚ್ಚಲಿ?" ಎಂದೆ.

ಅವಳು ಯೋಚಿಸಲೇ ಇಲ್ಲ. "ಮಾರ್ಚ್ ಹಚ್ಚಿ ಕಾಕಾ. ಆಗ ಗೋವಿನಜೋಳದ ತೆನೆ ಎಳೆಯದಿರುತ್ತದೆ, ಸುಟ್ಟು ತಿನ್ನುತ್ತೇವೆ. ಕಣಜ ಬರಿದಾಗುವ ಹಸಿವಿನ ತಿಂಗಳು ಮುಗಿದಿರುತ್ತದೆ."

ಮಾರ್ಚ್ ಹಚ್ಚಿದೆ. ಕೊನೆಗೆ ಅವಳ ಗುಡ್ಡ. ಚಹಾದ ಹಸಿರು ಸಿಗಲೊಲ್ಲದು. ನಾಲ್ಕು ಸಲ ಕಲಸಿದೆ, ನಾಲ್ಕು ಸಲವೂ ತಲೆಯಾಡಿಸಿದಳು. ಐದನೆಯದಕ್ಕೆ ಕೈತಟ್ಟಿದಳು.

ಇನ್ನು ಒಣಗಬೇಕಲ್ಲ. ಹೊರಗೆ ಜುಲೈ, ಗೋಡೆಗಳೇ ಬೆವರುತ್ತಿದ್ದವು. ಶನಿವಾರ ಮುಂಜಾನೆ ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಟೇಬಲ್ ಫ್ಯಾನು ಸಾಲದೆ ಹೋಯಿತು. ಹೆಂಡತಿ ಪಕ್ಕದ ಬ್ಯೂಟಿ ಪಾರ್ಲರಿನಿಂದ ಕೂದಲು ಒಣಗಿಸುವ ಯಂತ್ರ ತಂದಳು. ಇಬ್ಬರೂ ಸರದಿಯಲ್ಲಿ ನಿಂತು ಒಂದು ಇಡೀ ದೇಶಕ್ಕೆ ಬಿಸಿಗಾಳಿ ಹಾಕಿದೆವು. ಸಂಜೆಗೆ ಹುಡುಗಿ ಬಂದಾಗ ಥರ್ಮೋಕೋಲಿನ ಪೆಟ್ಟಿಗೆಯೊಳಗೆ ಎಲ್ಲ ಸಿದ್ಧವಾಗಿತ್ತು. ಹೋಗುವಾಗ ಅವಳು ನನ್ನ ಕಾಲಿಗೆ ನಮಸ್ಕರಿಸಿದಳು, ಇದನ್ನೂ ಇಲ್ಲೇ ಕಲಿತಿದ್ದಳು.

ಈ ವರ್ಷ ಮೊನ್ನೆ ಅವಳಿಂದ ಒಂದು ಫೋಟೋ ಬಂತು. ತರಗತಿಯ ಗೋಡೆಯ ಮೇಲೆ, ಮಕ್ಕಳ ಎತ್ತರಕ್ಕೆ, ನನ್ನ ಮಲಾವಿ. ಸರೋವರ, ನ್ಯೀಕಾ, ಕಣಿವೆ ಎಲ್ಲ ಹೊಸದರಂತಿವೆ. ಅವಳ ಗುಡ್ಡದ ಮೇಲೆ ಮಾತ್ರ ಹೆಬ್ಬೆರಳಿನಷ್ಟು ಜಾಗದಲ್ಲಿ ಬಣ್ಣ ಪೂರ್ತಿ ಹೋಗಿ, ಲಗದಾ ಬೆಳ್ಳಗೆ ಕಾಣುತ್ತಿದೆ. ಕೆಳಗೆ ಬರೆದಿದ್ದಳು: "ಕಾಕಾ, ತಪ್ಪು ತಿಳಿಯಬೇಡಿ. ಬೆಳಿಗ್ಗೆ ಬಂದ ಕೂಡಲೇ ಪ್ರತಿಯೊಬ್ಬರೂ ನಮ್ಮ ಮನೆ, ನಮ್ಮ ಮನೆ ಅಂತ ಅಲ್ಲೇ ಒತ್ತುತ್ತಾರೆ. ಬಣ್ಣ ನಾನೇ ಹಚ್ಚುತ್ತೇನೆ, ಐದನೇ ಹಸಿರನ್ನು ಹೇಗೆ ಕಲಸಿದಿರಿ ಹೇಳಿ."

ನನ್ನ ನಕಾಶೆಗಳು ಸಾಮಾನ್ಯವಾಗಿ ಹೆಡ್‌ಮಾಸ್ತರರ ಕೋಣೆಯಲ್ಲಿ ಗಾಜಿನ ಹಿಂದೆ ಇರುತ್ತವೆ. ಇಪ್ಪತ್ತು ವರ್ಷ ಬಿಟ್ಟು ಹೋಗಿ ನೋಡಿದರೂ ಒಂದು ಗೀರು ಬಿದ್ದಿರುವುದಿಲ್ಲ. ಅದನ್ನೇ ನನ್ನ ಕೆಲಸದ ಗಟ್ಟಿತನ ಎಂದು ಕಂಡಕಂಡವರಿಗೆ ಹೇಳುತ್ತ ಬಂದಿದ್ದೆ.

ಹಳದಿ ಎಷ್ಟು, ನೀಲಿ ಎಷ್ಟು ಎಂದು ಬರೆದೆ. ಮತ್ತೆ ಫೋಟೋ ನೋಡಿದೆ. ಬರೆದದ್ದನ್ನು ಅಳಿಸಿ, "ಹಚ್ಚಬೇಡ ಮಗಳೇ, ಇನ್ನೂ ಸವೆಯಲಿ," ಎಂದು ಕಳಿಸಿದೆ.