ಹಗ್ಗ ಹಗುರಾದಾಗ

ಇಷ್ಟು ವರ್ಷ ಸಮುದ್ರದೊಳಗೆ ಕ್ಯಾಮೆರಾ ಹಿಡಿದವಳಿಗೆ ನೀರಿನ ಭಯ ಎಲ್ಲಿಂದ ಬರಬೇಕು ಎನ್ನುತ್ತಾರೆ ಜನ. ಅವರಿಗೇನು, ಬಾಯಿ ಇದೆ, ಹೇಳುತ್ತಾರೆ. ನೀರಿಗೆ ಇಳಿಯುವ ಮೊದಲು ನಾನು ಇಂದಿಗೂ ಎರಡೆರಡು ಸಲ ಒಂದಕ್ಕೆ ಹೋಗಿ ಬರುತ್ತೇನೆ. ಆ ಭಯ ಸಮುದ್ರದ್ದಲ್ಲ, ಬಿಳಿಚೋಡಿನ ಹತ್ತಿರ ನಮ್ಮ ಹೊಲದಲ್ಲಿದ್ದ ಬಾವಿಯದು.

ಎಂಬತ್ತರ ದಶಕದ ಮೊದಲ ವರ್ಷಗಳು. ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಮೀನುಗಳ ಸಂಶೋಧನೆ ನನ್ನ ಕೆಲಸ. ಮೀನು ಅಂದರೆ ಫಾರ್ಮಲಿನ್ ಬಾಟಲಿಯೊಳಗಿನ ಸತ್ತ ಮೀನು. ಅದರ ಹೊಟ್ಟೆ ಸೀಳಿ, ಏನು ತಿಂದಿತ್ತು ಎಂದು ಬರೆಯುವುದು. ಆರು ವರ್ಷ ಅದನ್ನೇ ಬರೆದೆ. ಒಮ್ಮೆ ಮೀನು ಸಂಗ್ರಹಿಸಲು ದ್ವೀಪವೊಂದಕ್ಕೆ ಹೋದಾಗ, ಕಣ್ಣಿಗೆ ಗಾಜಿನ ಕವಚ ಕಟ್ಟಿಕೊಂಡು ನೀರಿನಲ್ಲಿ ತಲೆ ಮುಳುಗಿಸಿದೆ. ನಾನು ಸೀಳುತ್ತಿದ್ದ ಅದೇ ಜಾತಿಯ ಮೀನು ನನ್ನನ್ನೇ ನೋಡುತ್ತ ನಿಂತಿತ್ತು. ಅದರ ಬಣ್ಣ ಯಾವುದೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ, ಬಾಟಲಿಯಲ್ಲಿ ಎಲ್ಲವೂ ಬಿಳಿಚಿಕೊಂಡಿರುತ್ತವೆ. ನಾಚಿಕೆಯಾಯಿತು. ನೀರೊಳಗೆ ಚಿತ್ರ ತೆಗೆಯುವ ಒಬ್ಬರು ಅಲ್ಲೇ ಪರಿಚಯವಾಗಿ, ನಮ್ಮ ಜೊತೆ ಬರುತ್ತೀರಾ ಎಂದರು. ಕೆಲಸ ಬಿಡಲು ಅವ್ವನ ಒಪ್ಪಿಗೆಯೊಂದು ಬಾಕಿ ಉಳಿಯಿತು.

ಜಗಳೂರಿನಲ್ಲಿ ಬಸ್ಸು ಇಳಿದು ಊರಿಗೆ ಹೋದೆ. ಅಪ್ಪ ಹೋದ ಮೇಲೆ ಊರವರ ಮಾತು ಕೇಳದೆ ನನ್ನನ್ನು ಓದಿಸಿದವಳು ಅವ್ವ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ, ಸಂಬಳದ ಮಾತನ್ನೂ ಎತ್ತಲಿಲ್ಲ. ನೀರೊಳಗೆ ಎಷ್ಟು ಹೊತ್ತು ಇರುತ್ತೀ ಎಂದಷ್ಟೇ ಕೇಳಿದಳು. ನೀರಿನ ಜೊತೆ, ಬೆಂಕಿ ಜೊತೆ ಸರಸ ಬೇಡ ಎಂದು ನಮ್ಮನ್ನು ಬೆಳೆಸಿದವಳಲ್ಲವೇ! ಕೊನೆಗೆ, "ನನ್ ಕಣ್ ಮುಂದೆ ಇಳಿದು ತೋರ್ಸು, ನೋಡಾನ," ಅಂದಳು.

ಮರುದಿನ ಬೆಳಿಗ್ಗೆ ಇಬ್ಬರೇ ಬಾವಿಗೆ ಹೋದೆವು. ಕ್ಯಾಮೆರಾ ಇಡಲೆಂದು ನಾನು ಮಾಡಿಸಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯನ್ನೂ ಪರೀಕ್ಷಿಸಬೇಕಿತ್ತು. ನೀರು ನುಗ್ಗಿದರೆ ತಿಳಿಯಲೆಂದು ಒಳಗೆ ಹಳೆಯ ಪೇಪರು ತುರುಕಿ, ಮುಳುಗಲೆಂದು ಅಡಿಗೆ ಕಲ್ಲು ಕಟ್ಟಿದ್ದೆ. ಅವ್ವ ಸೇದುವ ಹಗ್ಗವನ್ನು ನನ್ನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿ ಹಿಡಿದು ನೀರಿನ ಮೇಲಿನ ಮೆಟ್ಟಿಲಲ್ಲಿ ಕೂತಳು. ನಾನು ಎರಡು ಸಲ ಜಗ್ಗಿದರೆ ಎಳಿ, ಇಲ್ಲದಿದ್ದರೆ ಸುಮ್ಮನಿರು ಎಂದು ಹೇಳಿದೆ. ತಲೆಯಾಡಿಸಿದಳು.

ನೀರೊಳಗೆ ಮನುಷ್ಯರ ಭಾರ ತಿಳಿಯುವುದಿಲ್ಲ ಎಂದು ಮಾತ್ರ ಅವಳಿಗೆ ಹೇಳಲಿಲ್ಲ. ವಿಜ್ಞಾನ ಓದಿದ ಮಹಾ ಜಾಣೆ ನಾನು! ಜೀವನವಿಡೀ ಬಾವಿಯಿಂದ ನೀರು ಸೇದಿದ ಹೆಂಗಸು ಅವಳು. ಹಗ್ಗ ಭಾರವಿದ್ದರೆ ಕೊಡ ಇದೆ, ಹಗುರಾದರೆ ಕುಣಿಕೆ ಕಳಚಿ ಕೊಡ ತಳ ಸೇರಿತು. ಅವಳ ಕೈಗೆ ಗೊತ್ತಿದ್ದದ್ದು ಅಷ್ಟೇ.

ಪೆಟ್ಟಿಗೆ ಹಿಡಿದು ಎರಡಾಳು ಆಳಕ್ಕೆ ಹೋಗಿ ಉಸಿರು ಬಿಗಿಹಿಡಿದು ನಿಂತೆ. ಹಗ್ಗ ಸಡಿಲವಾಯಿತು. ಅವ್ವ ಮೆಲ್ಲಗೆ ಎಳೆದು ನೋಡಿದ್ದು ನನಗೆ ಗೊತ್ತಾಯಿತು. ನಾನು ಹತ್ತಿಯ ಹಾಗೆ ಒಂದು ಗೇಣು ಮೇಲಕ್ಕೆ ಹೋದೆ. ಸುಮ್ಮನಿರು ಅಂದರೆ ಸುಮ್ಮನಿರಬಾರದೇ ಎಂದು ಸಿಟ್ಟು ಬಂತು. ಅಷ್ಟರಲ್ಲಿ ಮೇಲಿನ ಬೆಳಕು ಮಂಕಾಯಿತು. ತಲೆ ಎತ್ತಿದೆ. ಹಸಿರು ನೀರಿನಲ್ಲಿ ಸೀರೆ ಹರಡಿಕೊಂಡಿತ್ತು, ಅದರ ನಡುವೆ ಎರಡು ಕಾಲು ಒದ್ದಾಡುತ್ತಿದ್ದವು. ಅವ್ವನಿಗೆ ಈಜು ಬಾರದು.

ಪೆಟ್ಟಿಗೆ ಬಿಟ್ಟು ಮೇಲಕ್ಕೆ ಹೋದೆ. ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಅವಳು ಎರಡೂ ಕೈಯಿಂದ ನನ್ನ ಕುತ್ತಿಗೆ ಅವುಚಿಕೊಂಡಳು, ಇಬ್ಬರೂ ಮುಳುಗಿದೆವು. ಬಿಡಿಸಿಕೊಳ್ಳಲು ಅವಳ ಬೆರಳು ಹಿಂದಕ್ಕೆ ಮಡಿಸಿದೆ, ಹೆತ್ತವಳ ಬೆರಳು. ಕಾಲಿಗೆ ಮೆಟ್ಟಿಲು ತಗುಲಿತು. ತುರುಬು ಹಿಡಿದು ಅವಳನ್ನು ಹೇಗೋ ಮೇಲೆ ಎಳೆದುಹಾಕಿದೆ.

ಬಹಳ ಹೊತ್ತು ಕೆಮ್ಮಿದಳು. ಆಮೇಲೆ ನನ್ನ ತಲೆ, ಭುಜ, ಮೊಣಕೈಗಳನ್ನು ಒಂದೊಂದಾಗಿ ಅಮುಕಿ ನೋಡಿದಳು.

"ಭಾರನೇ ಇರ್ಲಿಲ್ವಲ್ಲೇ," ಅಂದಳು. "ಹಗ್ಗದಾಗೆ ನೀನು ಇರ್ಲಿಲ್ಲ."

ಗೊಳೋ ಎಂದು ಅತ್ತುಬಿಟ್ಟೆ. ಹೋಗುವುದಿಲ್ಲ, ಬಾಟಲಿಯ ಮೀನೇ ಸಾಕು ಎಂದೆ. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು. ಸಂಜೆ ಅಣ್ಣ, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ಬಿಟ್ಟು ಪೆಟ್ಟಿಗೆಯನ್ನು ಮೇಲೆತ್ತಿದ. ಒಳಗಿನ ಪೇಪರು ಗರಿಗರಿಯಾಗಿ ಒಣಗಿದ್ದ ಹಾಗೆಯೇ ಇತ್ತು. ಯಾರಿಗೂ ಸಂತೋಷವಾಗಲಿಲ್ಲ.

ಮೂರು ದಿನ ಕಳೆಯಿತು. ಹೊರಡುವ ದಿನ ಅವ್ವ ಬಸ್ಸಿನ ಹತ್ತಿರ ನಿಂತು ಹೇಳಿದಳು:

"ಹೋಗು. ಮನಸ್ಸು ಸಮುದ್ರದಾಗೆ ಇಟ್ಟು ಬಾಟ್ಲಿ ತೊಳೀಬ್ಯಾಡ. ಆದ್ರೆ ನೀರಿಗೆ ಇಳಿಯೋ ದಿನ ನಂಗೆ ಹೇಳಬ್ಯಾಡ. ಹತ್ತಿ ಬಂದ್ ಮ್ಯಾಲೆ ಕಾಗ್ದ ಹಾಕು."

ಹಾಗೆಯೇ ಮಾಡಿದೆ. ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಪ್ರತಿ ಸಲ ಸಮುದ್ರದಿಂದ ಎದ್ದು ಬಂದ ಮೇಲೆ ಒಂದು ಕಾರ್ಡು ಹಾಕುತ್ತಿದ್ದೆ. ಅವಳ ಭಯವನ್ನು ನಾನೇ ಕಡಿಮೆ ಮಾಡಿದೆನೆಂದು ಬೀಗುತ್ತಿದ್ದೆ ಕೂಡ.

ಅವ್ವ ತೀರಿಕೊಂಡ ಮೇಲೆ ಅತ್ತಿಗೆ ಹೇಳಿದರು. ನಾನು ಇಳಿಯುವ ದಿನ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲವಲ್ಲ, ಕಾರ್ಡು ಬಾರದ ಪ್ರತಿ ದಿನವೂ ಅವಳ ಪಾಲಿಗೆ ನಾನು ನೀರೊಳಗೇ ಇರುತ್ತಿದ್ದೆನಂತೆ. ಅಂಥ ಎಷ್ಟೋ ದಿನ ನಾನು ದಡದಲ್ಲಿ ಟೀ ಕುಡಿಯುತ್ತ, ನಾಳೆ ಬರೆದರಾಯಿತು ಎಂದು ಕೂತಿದ್ದೆ.