ಮಹದೇವಪ್ಪನವರ ಎಡ ಅಂಗೈ

ನಾನು ನಿಂತಿದ್ದದ್ದು ಗುಂಡ್ಲುಪೇಟೆಯ ಮಹದೇವಪ್ಪನವರ ಪೂಜೆಯ ಕೋಣೆಯ ಹೊಸ್ತಿಲಿನ ಹೊರಗೆ, ಬಲಗಡೆ. ಬೆಳಿಗ್ಗೆ ಏಳೂಕಾಲು, ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ಇವತ್ತು ಪಾನಕಕ್ಕೆಂದು ತೆಗೆದುಕೊಂಡ ನಿಂಬೆಹಣ್ಣು ನನ್ನ ಮುದಿಗೈಯಿಂದ ಜಾರಿ ಉರುಳಿದಾಗ, ನೋಡಿ, ಮತ್ತೆ ಅಲ್ಲೇ ಹೋಗಿ ನಿಂತೆ.

ಆಗ ನಾನು ಮುಂಬಯಿಯಲ್ಲಿ ಫಿಸಿಯೋಥೆರಪಿ ವಿದ್ಯಾರ್ಥಿ. ರಜೆಯಲ್ಲಿ ಒಬ್ಬ ರೋಗಿಗೆ ವ್ಯಾಯಾಮ ಕಲಿಸಬೇಕು, ಪ್ರತಿದಿನದ ಪಾಠವನ್ನೂ ಮೊದಲೇ ಬರೆದಿಡಬೇಕು ಎಂದು ಮೇಷ್ಟ್ರ ಅಪ್ಪಣೆಯಾಗಿತ್ತು. ಚಾಮರಾಜನಗರದ ನಮ್ಮ ಮನೆಯಲ್ಲಿ ಕೂತು, ರೋಗಿಯನ್ನು ನೋಡುವ ಮೊದಲೇ ಹದಿನೈದು ದಿನದ ಪಾಠ ಬರೆದೆ. ಕೆಂಪು ಶಾಯಿಯಲ್ಲಿ ಗೆರೆ ಬೇರೆ ಎಳೆದೆ. ಅಪ್ಪನ ಸ್ನೇಹಿತರಾದ ಮಹದೇವಪ್ಪನವರಿಗೆ ಲಕ್ವ ಹೊಡೆದು ಎಡಗೈ ಮುಷ್ಟಿ ಕಟ್ಟಿತ್ತು. ಮೊದಲ ದಿನ ರಬ್ಬರ್ ಚೆಂಡು ಕೊಟ್ಟು, ಅದುಮಿ ಎಂದೆ.

"ಚೆಂಡಾಡಕ್ಕೆ ನಾನೇನ್ ಚಿಕ್ಕ್ ಹೈದ್ನೇನ್ಲಾ? ತಕ್ಕೊಂಡೋಗು."

ಸೊಸೆ ದೇವಮ್ಮಣ್ಣಿ ನನ್ನನ್ನು ಜಗಲಿಗೆ ಕರೆದರು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೇ ಮಾವ ಉಣ್ಣುತ್ತಿದ್ದದ್ದು. ಈಗ ಪೀಠದ ಮೇಲಿಟ್ಟು ಪೂಜಿಸುತ್ತಾರೆ. ಎರಡು ತುತ್ತಿನ ಮೇಲೆ ಗಂಟಲಲ್ಲಿ ಇಳಿಯುವುದಿಲ್ಲ. ದಿನದಿನಕ್ಕೂ ಸೊರಗುತ್ತಿದ್ದಾರೆ.

"ಅವ್ರ್ಗೆ ಬೇಕಾಗಿರೋದು ಮುಷ್ಟಿ ಮುಚ್ಚೋದಲ್ಲ ಕಣಣ್ಣ, ಬಿಚ್ಚೋದು."

ಕೆಂಪು ಗೆರೆಯ ಪಾಠವನ್ನು ಹರಿದೆ. ಮಹದೇವಪ್ಪನವರೊಂದಿಗೇ ಕೂತು ಹೊಸದು ಬರೆದೆ: ಬಿಸಿನೀರಿನ ಬಟ್ಟೆ, ಒಂದೊಂದೇ ಬೆರಳು, ಬಿಚ್ಚಿದ ಅಂಗೈ ಮೇಲೆ ನಿಂಬೆಹಣ್ಣು.

ಹನ್ನೆರಡನೆಯ ದಿನ ನಿಂಬೆಹಣ್ಣು ನಿಂತಿತು. ಮರುದಿನ ಅವರು ಲಿಂಗವನ್ನೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ಮೊದಲು ಹೆಬ್ಬೆರಳು ನಡುಗಿತು, ಆಮೇಲೆ ಮಣಿಕಟ್ಟು. ಲಿಂಗ ಜಾರಿತು. ನೆಲಕ್ಕೆ ಬಿದ್ದಿದ್ದರೆ ಆ ಜೀವ ಉಳಿಯುತ್ತಿರಲಿಲ್ಲ; ನಾನು ಕೈ ಕೂಡ ಎತ್ತಲಿಲ್ಲ.

ಸದ್ದಾಗಲಿಲ್ಲ. ದೇವಮ್ಮಣ್ಣಿ ಎದುರಿಗೆ ಒತ್ತಿ ಕೂತು ಮಡಿಲಲ್ಲಿ ಸೆರಗು ಹಾಸಿದ್ದರು. ಸೆರಗಿನಿಂದಲೇ ಎತ್ತಿ ಅಂಗೈಯಲ್ಲಿಟ್ಟು, ಅಡಿಯಿಂದ ತಮ್ಮ ಕೈ ಆಸರೆ ಕೊಟ್ಟರು.

ಆಮೇಲೆ ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಾ ಹೇಳಿದರು: "ನಿಮ್ ಬುಕ್ನಲ್ಲಿ ಬೀಳಾದ್ನ ಬರ್ದೇ ಇರ್ನಿಲ್ವಲ್ಲಣ್ಣ. ಅದ್ಕೆ ನಾನೇ ಕುಂತ್ಕಂಡೆ."

ಮಹದೇವಪ್ಪನವರು ಅಂದು ಒಂದಿಡೀ ಮುದ್ದೆ ಉಂಡರು. ಕೈ ತೊಳೆದು, ಸೊಸೆ ಒಳಗೆ ಹೋದದ್ದನ್ನು ನೋಡಿಕೊಂಡು, ಮೆಲ್ಲಗೆ ಅಂದರು: "ಸೊಸೆ ಮಡ್ಲೂ ಪೀಠಾನೇ ಕಣ್ಲಾ."

ಕಣ್ಣು ಮುಚ್ಚಿದ್ದವರಿಗೆ ಎಲ್ಲಾ ಗೊತ್ತಿತ್ತು.

ಆಮೇಲೆ ಎಷ್ಟೋ ಜನಕ್ಕೆ ಕಲಿಸಿದೆ. ಬಿದ್ದರೆ ಹಿಡಿಯುವವರು ಯಾರು ಎಂಬುದೇ ನನ್ನ ಪ್ರತಿ ಪಾಠದ ಮೊದಲ ಸಾಲಾಯಿತು. ಇವತ್ತು ಮಾತ್ರ ಅದನ್ನು ನನಗೆ ನಾನೇ ಕೇಳಿಕೊಳ್ಳಬೇಕಾಯಿತು. ನಿಂಬೆಹಣ್ಣು ಹೆಕ್ಕಿಕೊಂಡು, ಮಡಿಲಿಗೆ ಟವೆಲು ಹಾಸಿ, ಅಂಗೈ ಬಿಚ್ಚಿದೆ.

ಅಂದು ಲಿಂಗ ಜಾರಿದ್ದನ್ನು ಕಣ್ಣಾರೆ ಕಂಡವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ತೆರಕಣಾಂಬಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ದೇವಮ್ಮಣ್ಣಿ.